ಮೇ ಹದಿನಾಲ್ಕರ ಛತ್ರ

ತರೀಕೆರೆಯ ಚರಿತ್ರೆ ಬರೆಯುವವರು ತಪ್ಪದೆ ನಮೂದಿಸಬೇಕಾದ ಸಂಗತಿ: ಆ ಸೋಮವಾರ ಬೆಳಿಗ್ಗೆ ಬಸವರಾಜರ ಛತ್ರದಲ್ಲಿ ಮ್ಯಾನೇಜರ್ ದೇವೀರಪ್ಪನವರ ಮೇಜು ಎರಡು ಅಡಿ ಪೂರ್ವಕ್ಕೆ ಸರಿಯಿತು. ಇಪ್ಪತ್ತಾರು ವರ್ಷ ಅಲುಗದಿದ್ದ ಮೇಜು. ಲ್ಯಾಪ್‌ಟಾಪಿನ ವೈರು ಪ್ಲಗ್ಗಿಗೆ ಮುಟ್ಟುತ್ತಿರಲಿಲ್ಲ, ಅದಕ್ಕೆ.

"ಫ್ಯಾನಿನ ಗಾಳಿ ಹೋಯ್ತಲ್ಲವ್ವಾ" ಅಂದರು ದೇವೀರಪ್ಪ.

ವೈರಿನ ಒಡತಿ ಸ್ಫೂರ್ತಿ, ಕಡೂರಿನ ನಾಲ್ಕು ಜನರ ಸಾಫ್ಟ್‌ವೇರ್ ಕಂಪನಿಯವಳು. ಬಸವರಾಜರಿಗೆ ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ಒಂದೊಂದು ಛತ್ರ. ಮೂರಕ್ಕೂ ಸೇರಿಸಿ ಬುಕ್ಕಿಂಗ್ ವ್ಯವಸ್ಥೆ ಬರೆದವಳು ಅವಳು. ಹತ್ತು ಕಡೆಯ ಕೆಲಸ ಒಂದರ ಕಾಲನ್ನೊಂದು ತುಳಿಯದ ಹಾಗೆ ಕಟ್ಟುವ ಈ ವಿದ್ಯೆಗೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎಂದು ಹೆಸರು. ಅದನ್ನು ಎಲ್ಲಿ ಕಲಿಯುವುದೆಂದು ಅವಳು ವರ್ಷದಿಂದ ಹುಡುಕುತ್ತಿದ್ದಳು. ನಲವತ್ತು ಗಂಟೆ ವೀಡಿಯೊ ನೋಡಿದ್ದಾಯಿತು. ಅದರಲ್ಲಿ ಬರುವುದೆಲ್ಲ ವಿಮಾನದ ಟಿಕೆಟ್ಟು, ಹೋಟೆಲ್ ರೂಮು. ಎದುರು ಕೂರಿಸಿಕೊಂಡು ಕಲಿಸುವ ಮೂರು ತಿಂಗಳ ತರಬೇತಿ ಮೈಸೂರಿನಲ್ಲಿತ್ತು. ಕಂಪನಿ ಕಳಿಸುವುದು ಒಬ್ಬರನ್ನು. ಈ ದಿನ ಹನ್ನೆರಡಕ್ಕೆ ಬಸವರಾಜರು ಬಂದು ನೋಡಿ ಒಪ್ಪಿದರೆ ಸ್ಫೂರ್ತಿ, ಇಲ್ಲವಾದರೆ ಪಕ್ಕದ ಮೇಜಿನ ಸಹೋದ್ಯೋಗಿ ರಘುನಾಥ. ಕಂಪನಿಯ ಮಾಲೀಕ ಪ್ರಸನ್ನಕುಮಾರ್ ಎಲ್ಲರೆದುರೇ ಹೇಳಿದ್ದ. ರಘುನಾಥ ಆಗಲೇ ಮೈಸೂರಿನಲ್ಲಿ ರೂಮು ವಿಚಾರಿಸಿದ್ದಾನೆಂದೂ ಸುದ್ದಿ.

ಹನ್ನೊಂದೂವರೆಗೆ ಚೌಳಹಿರಿಯೂರಿನ ರುದ್ರಮೂರ್ತಿ ಮೊಬೈಲ್ ಎತ್ತಿ ಹಿಡಿದೇ ಒಳಗೆ ಬಂದರು. "ಮೇ ಹದಿನಾಲ್ಕು ತರೀಕೆರೆ ಛತ್ರ ಖಚಿತ ಅಂತ ಶುಕ್ರವಾರ ನಿಮ್ಮ ಮೆಸೇಜು. ಮಗಳ ಲಗ್ನಪತ್ರಿಕೆ ಅಚ್ಚಿಗೆ ಕೊಟ್ಟು ಬಂದಿದೀನಿ."

ಹಿಂದೆಯೇ ಬುಕ್ಕಾಂಬುಧಿಯ ಈಶ್ವರಮ್ಮ. "ಯಾರ ಛತ್ರ ಕಣ್ರೀ? ಅವತ್ತು ನನ್ನ ಮಗನ ಮದುವೆ. ಈ ಛತ್ರದ ಅಡುಗೆ ಕೆಂಪರಾಜುಗೆ ಮೊನ್ನೇನೇ ವೀಳ್ಯ ಕೊಟ್ಟಿದೀನಿ. ಅವನು ಒಪ್ಪಿದ್ಮೇಲೆ ಛತ್ರ ನಮ್ದೇ."

"ಅಡುಗೆಯೋನಿಗೆ ಎಲೆ-ಅಡಿಕೆ ಕೊಟ್ರೆ ಛತ್ರ ನಿಮ್ದಾಗುತ್ತೇನಮ್ಮಾ?"

"ಮತ್ತೆ, ನಿಮ್ಮ ಮೊಬೈಲು ಊಟ ಬಡಿಸುತ್ತಾ? ಮೆಸೇಜು ಯಾರು ಬೇಕಾದ್ರೂ ಮಾಡ್ಕೋಬೋದು."

"ನಾನು ಸುಳ್ಳು ಹೇಳ್ತಿದೀನಿ ಅಂತಲಾ?" ರುದ್ರಮೂರ್ತಿಯವರ ಕುತ್ತಿಗೆಯ ನರ ಎದ್ದಿತು.

ಸ್ಫೂರ್ತಿ ಪರದೆ ನೋಡಿದಳು. ಶುಕ್ರವಾರ ಛತ್ರದ ಸಾಲು ಹಸಿರಾಗಿ, ರುದ್ರಮೂರ್ತಿಗೆ ಮೆಸೇಜು ಹೋಗಿತ್ತು. ಆಮೇಲಷ್ಟೇ ಅಡುಗೆಯವನಿಗೆ ಪ್ರಶ್ನೆ. ಶನಿವಾರ ಕೆಂಪರಾಜು, "ಆಗಲ್ಲ, ಬೇರೆಯೋರಿಗೆ ಒಪ್ಕಂಡಿದೀನಿ" ಎಂದು ಉತ್ತರ ಕಳಿಸಿದ್ದ. ಆ ಉತ್ತರ ಅಡುಗೆಯ ಕಾಲಮ್ಮಿನಲ್ಲೇ ಕೂತಿತ್ತು. ಛತ್ರಕ್ಕೆ ಅದನ್ನು ಹೇಳುವವರೇ ಇರಲಿಲ್ಲ. ಹೇಳಬೇಕೆಂದು ಅವಳು ಬರೆದಿರಲಿಲ್ಲ.

ಬೆಳಿಗ್ಗೆ ಅವಳ ಜೊತೆಗೇ ಬಂದಿದ್ದ ಪ್ರಸನ್ನಕುಮಾರ್ ಅವಳ ಕಿವಿಗೆ ಬಗ್ಗಿದ. "ರುದ್ರಮೂರ್ತಿ ಸಾಲು ಅಳಿಸಿಬಿಡು. ನಮ್ಮಲ್ಲಿ ಬುಕ್ಕಿಂಗೇ ಇಲ್ಲ ಅಂತೀನಿ."

"ಮೆಸೇಜು ಅವರ ಕೈಯಲ್ಲಿದೆ ಸರ್."

"ಎಲ್ಲಿಂದ ಬಂತೋ ಯಾರಿಗೆ ಗೊತ್ತು? ಮೈಸೂರು ಬೇಕೋ ಬೇಡ್ವೋ?"

ಗಡಿಯಾರ ಹನ್ನೆರಡಕ್ಕೆ ಎಂಟು ನಿಮಿಷ ಅಂದಿತು. ಅವಳ ಬೆರಳು ಅಳಿಸುವ ಕೀಲಿಯ ಮೇಲಿತ್ತು. ಒತ್ತಿದರೆ ಮುಗಿಯಿತು, ಮಗಳ ಮದುವೆ ಮಾಡಹೊರಟ ಮನುಷ್ಯ ಹತ್ತು ಜನರೆದುರು ಸುಳ್ಳುಗಾರ.

"ದೇವೀರಪ್ಪನೋರೇ, ನೀವು ಪುಸ್ತಕದಲ್ಲಿ ಬುಕ್ಕಿಂಗ್ ಬರೀತಿದ್ದಾಗ ಹೀಗಾದ್ರೆ ಏನ್ಮಾಡ್ತಿದ್ರಿ?"

"ಹೀಗೆ ಆಗ್ತಾನೇ ಇರ್ಲಿಲ್ಲ ಕಣವ್ವ. ಅಡುಗೆ, ವಾಲಗ, ಮದುವೆ ಮಾಡ್ಸೋ ಅಯ್ನೋರು, ಮೂರೂ ಕಡೆ ವೀಳ್ಯ ಮುಟ್ಟೋತಂಕ ಬರೀ ಪೆನ್ಸಿಲ್ಲು. ಒಬ್ರು ಆಗಲ್ಲ ಅಂದ್ರೆ ಅಳಿಸಿ, ಉಳಿದೋರಿಗೆಲ್ಲ ಹೇಳಿ ಕಳಿಸೋದು. ಆಮೇಲೆ ತಾನೆ ಇಂಕು."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಮ್ಮಕ್ಕನ ಮದುವೇಲಿ ವೀಳ್ಯದ ತಟ್ಟೆ ಹಿಡ್ಕಂಡು ನೀನೇ ಬಂದಿದ್ಯಲ್ಲ. ಗೊತ್ತಿರೋರಿಗೆ ಏನು ಹೇಳೋದು?"

ವೀಡಿಯೊದ ಹದಿನೇಳನೆಯ ಗಂಟೆಯಲ್ಲಿ ಇದೇ ಇತ್ತು, ವಿಮಾನದ ಟಿಕೆಟ್ಟಿನ ಉದಾಹರಣೆಯಲ್ಲಿ, ಬಾಣದ ಗುರುತುಗಳ ಸಮೇತ. ಟಿಪ್ಪಣಿಯಲ್ಲಿ ಅವಳು ಅಡಿಗೆರೆಯನ್ನೂ ಎಳೆದುಕೊಂಡಿದ್ದಳು.

ಹೊರಗೆ ಕಾರಿನ ಬಾಗಿಲು ಬಡಿಯಿತು. ಬಸವರಾಜರು ಮೆಟ್ಟಿಲು ಹತ್ತುವಷ್ಟರಲ್ಲಿ ಸ್ಫೂರ್ತಿ ಎದ್ದು ನಿಂತಿದ್ದಳು.

"ಮೆಸೇಜು ನಮ್ಮದೇ ಸರ್. ಅಡುಗೆಯವರು ಒಪ್ಪೋ ಮೊದಲೇ ಖಚಿತ ಅಂತ ಕಳಿಸ್ತು. ಹಾಗೆ ಬರೆದಿದ್ದು ನಾನು. ರುದ್ರಮೂರ್ತಿಯವರದ್ದು ಏನೂ ತಪ್ಪಿಲ್ಲ."

ಪ್ರಸನ್ನಕುಮಾರ್ ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡತೊಡಗಿದ.

"ಈಗೇನಮ್ಮ ಮಾಡೋದು?" ಬಸವರಾಜರು ಕೂರಲಿಲ್ಲ.

"ಕೆಂಪರಾಜು ಒಪ್ಪಿರೋದು ಈಶ್ವರಮ್ಮನೋರಿಗೆ, ಈ ಛತ್ರ ಅವರಿಗಿರ್ಲಿ. ರುದ್ರಮೂರ್ತಿಯವರಿಗೆ ಕಡೂರು ಛತ್ರ ನೋಡ್ಬೋದು, ಅವತ್ತು ಖಾಲಿ ಇದೆ. ಅಲ್ಲಿಯ ಅಡುಗೆಯೋರು, ವಾಲಗದೋರು ಹೂಂ ಅನ್ನೋವರೆಗೂ ಅದನ್ನ ಯಾರದ್ದೂ ಅನ್ನಲ್ಲ. ಇವತ್ತು ಸಂಜೆಯೊಳಗೆ ಕೇಳಿ ಹೇಳ್ತೀನಿ. ವ್ಯವಸ್ಥೆ ಸರಿ ಮಾಡೋಕೆ ಎರಡು ವಾರ ಬೇಕು."

ರುದ್ರಮೂರ್ತಿ ಮೊಬೈಲನ್ನು ಜೇಬಿಗಿಟ್ಟರು. "ಅಚ್ಚಿನೋನಿಗೆ ನೀವೇ ಫೋನು ಮಾಡಿ" ಅಂದರು.

ರುದ್ರಮೂರ್ತಿಯವರ ಮಗಳ ಮದುವೆ ಕಡೂರಿನಲ್ಲಿ ಆಯಿತು. ಮೈಸೂರಿನ ತರಬೇತಿಗೆ ರಘುನಾಥ ಹೋದ.