ಎದೆಯ ಮೇಲಿನ ಗೆರೆ

"ಇವತ್ತರ ಎದಿಗೆ ನೀರು ಹಾಕಬಹುದೇನು?"

ತಂಬಿಗೆ ಎತ್ತಿ ಹಿಡಿದಿದ್ದ ಕಾತರಿನಾ ಯಾರನ್ನೂ ನೋಡದೆ ಕೇಳಿದಳು. ತೀರಿಕೊಂಡ ಗಂಡ ಪೆದ್ರುವಿನ ಮುಖ, ಹೆಗಲು, ಕೈಕಾಲು ತೊಳೆದಾಗಿತ್ತು. ಎದೆಯ ಬಲಭಾಗದಲ್ಲಿ ಅಂಗೈಯಗಲ ಜಾಗವನ್ನು ಸುತ್ತಿಕೊಂಡು ಕೆಂಪು ಗೆರೆಯೊಂದಿತ್ತು. ಅಲ್ಲಿಗೆ ಬಂದು ಅವಳ ಕೈ ನಿಂತಿತ್ತು.

ಬಿಸಿನೀರು ತಂದ ನೆರೆಮನೆಯ ಮೆಹಬೂಬಿ ಕೊಡ ಇಳಿಸಿ, "ಹಾಕವ್ವಾ. ಇನ್ನ ಯಾರು ಬೈತಾರ?" ಎಂದಳು.

ಅಂಗಳದಲ್ಲಿ ಜಪಮಾಲೆಯ ಪ್ರಾರ್ಥನೆ ಮುಗಿದಿತ್ತು. ಪೆದ್ರುವಿನ ಜೊತೆ ದಾಂಡೇಲಿಯ ನಾಟಾ ಡಿಪೋದಲ್ಲಿ, ಕೊಯ್ಯುವ ದಿಮ್ಮಿಗಳಿಗೆ ಗೆರೆ ಹಾಕುವ ಕೆಲಸದಲ್ಲಿ, ದುಡಿದ ಜುಜೆ ಮೂಗು ಒರೆಸಿಕೊಳ್ಳುತ್ತ ಹೇಳುತ್ತಿದ್ದ: "ಎಂಥಾ ದಿಮ್ಮಿ ಬರಲಿ, ಗೆರಿ ಅಂದ್ರ ಪೆದ್ರೂನ ಗೆರಿ. ಕುಡದ ಬಂದ ದಿನಾನೂ ಕೈ ನಡಗ್ತಿರಲಿಲ್ಲ, ಕಾಲಷ್ಟ ನಡಗ್ತಿದ್ವು."

ಒಂದಿಬ್ಬರು ನಕ್ಕರು. ಪೆದ್ರುವಿನ ಅಣ್ಣ ಲುಯಿಸ್ ನಗಲಿಲ್ಲ. "ತನ್ನ ಮೈಮ್ಯಾಲಿನ ಗೆರೀನ ತಪ್ಪಿ ಎಳದ್ನಲ್ಲೋ," ಎಂದ.

ಕಾತರಿನಾಳಿಗೆ ಅದು ಕೇಳಿಸಿತು. ತಂಬಿಗೆ ಕೆಳಗಿಟ್ಟಳು.

*

ಎಂಬತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಗಂಡ ಹೆಂಡತಿ ಇಬ್ಬರೂ ಅಳ್ನಾವರದಲ್ಲಿ ರೈಲು ಹತ್ತಿ ಮುಂಬಯಿಯ ಆಸ್ಪತ್ರೆಗೆ ಹೋಗಿದ್ದರು. ಪೆದ್ರುವನ್ನು ದೊಡ್ಡ ಬಳೆಯಂಥ ಯಂತ್ರದೊಳಗೆ ಮಲಗಿಸಿ ಎದೆಯ ಚಿತ್ರ ತೆಗೆದರು. ಕಂಪ್ಯೂಟರಿನ ಪರದೆಯ ಮೇಲೆ ಅದು ಅಡ್ಡಲಾಗಿ ಕೊಯ್ದ ದಿಮ್ಮಿಯ ಹಾಗೆ ಮೂಡಿತು. ಡಾಕ್ಟರರು ಗುಂಡಿಯೊತ್ತಿದರು, ಶ್ವಾಸಕೋಶದ ಗಡ್ಡೆಯ ಸುತ್ತ ಯಂತ್ರ ತಾನೇ ಒಂದು ಗೆರೆ ಎಳೆಯಿತು. ಗೆರೆ ತಪ್ಪಿ ಪಕ್ಕೆಲುಬಿನ ಕಡೆ ಹರಿದಲ್ಲಿ ಅವರು ತಿದ್ದಿದರು.

"ಗಂಟು ಐತಿ ನೋಡ," ಪೆದ್ರು ಹೆಂಡತಿಯ ಕಿವಿಯಲ್ಲಿ ಅಂದ. "ಗರಗಸದವರಿಗೆ ನಾನೂ ಹಿಂಗ ಗೆರಿ ಹಾಕಿ ಕೊಡ್ತೇನಲ್ಲ."

ಆ ಅಳತೆಯಂತೆ ಎದೆಯ ಮೇಲೆ ನೇರಳೆ ಶಾಯಿಯ ಗೆರೆ ಬಿತ್ತು. ಗಡ್ಡೆ ಸುಡುವ ಕಿರಣ ಬಿಡುವುದು ಅದರೊಳಗೇ. ಸರದಿ ಮುಂದಿನ ತಿಂಗಳು. ಅಲ್ಲಿಯವರೆಗೆ ನೀರು ಸೋಕಕೂಡದು, ಉಜ್ಜಕೂಡದು ಎಂದು ಹೇಳಿ ಊರಿಗೆ ಕಳಿಸಿದರು.

ಕಾತರಿನಾ ಕಾವಲು ಕಾದಳು. ಒದ್ದೆ ಬಟ್ಟೆಯಿಂದ ಸುತ್ತಲಷ್ಟೇ ಒರೆಸಿದಳು. ಮಲಗಿದಾಗ ಅವನು ಕೈ ಚಾಚಿದರೂ, ಗೆರೆ ಅಳಿಸೀತೆಂದು ಗೋಡೆಯ ಕಡೆ ಸರಿದಳು. ಆದರೂ ಬೆವರಿಗೆ ಶಾಯಿ ಇಳಿಯಿತು. ಮತ್ತೆ ಮುಂಬಯಿಗೆ ಹೊರಡುವ ಹಿಂದಿನ ದಿನ ಪೆದ್ರು ಡಿಪೋದಿಂದ ದಿಮ್ಮಿಗೆ ಹಚ್ಚುವ ಕೆಂಪು ಬಣ್ಣ ತರಿಸಿದ.

"ಕನ್ನಡಿ ಹಿಡಿ. ಇದು ಮಳಿಗೂ ಹೋಗೂದಿಲ್ಲ."

ಉಳಿದಿದ್ದ ಮಸುಕಿನ ಗುರುತಿನ ಮೇಲೆ, ಕನ್ನಡಿ ನೋಡುತ್ತ, ಉಸಿರು ಬಿಗಿಹಿಡಿದು ಸುತ್ತು ಎಳೆದ. ಹೊಳೆಯುವ ಹೊಸ ಗೆರೆ ನೋಡಿ ಇಬ್ಬರೂ ನಕ್ಕಿದ್ದರು.

ಡಾಕ್ಟರರು ನಗಲಿಲ್ಲ. ಗೆರೆ ಎರಡು ಬೆರಳು ಸರಿದಿತ್ತು. ಮತ್ತೆ ಚಿತ್ರ ತೆಗೆಯಬೇಕು, ಮತ್ತೆ ಸರದಿ ಕಾಯಬೇಕು. ಆ ಸರದಿ ಇನ್ನೂ ಬಂದಿರಲಿಲ್ಲ.

*

ಲುಯಿಸ್ ಚಿಮಣಿ ಎಣ್ಣೆಯ ಬಾಟಲಿ, ಹಳೆ ಬಟ್ಟೆ ಹಿಡಿದು ಒಳಗೆ ಬಂದ.

"ಫಾದರ್ ಬಂದಾರ, ಕಾತರಿನಾ. ನೀರಿಗೆ ಹೋಗೂದಲ್ಲ ಅದು. ಇದನ್ನ ಹಚ್ಚಿ ಒರಸಿಬಿಡು. ಮಾರಾಟಕ್ಕ ಇಟ್ಟ ಕಟ್ಟಿಗಿ ಹಂಗ ಗುರ್ತು ಮಾಡಿ ಮಣ್ಣಿಗೆ ಕಳಸೂದೇನು?"

ಕಾತರಿನಾ ಅವನ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದಳು. ಆಮೇಲೆ ಬಗ್ಗಿ, ಗಂಡನ ಎದೆಯ ಮೇಲೆ, ಆ ಗೆರೆಯೊಳಗೆ, ಕೆನ್ನೆ ಇಟ್ಟಳು. ಮೆಹಬೂಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಲುಯಿಸನ ದನಿ ಇಳಿಯಿತು. "ಇರಲಿ, ನಾನ ಒರಸ್ತೇನಿ. ನೀ ಒಂಚೂರು ಸರಿ, ತಂಗಿ."

"ಸರಿಯೂದಿಲ್ಲ ಭಾವಾ," ಅಂದಳು ಕಾತರಿನಾ, ತಲೆ ಎತ್ತದೆ.