ಮಾವನ ಕೈಗುಣ

ನನ್ನ ಮಾವನಿಗೆ ಕೈಗುಣ ಇದೆಯಂತೆ. ಮೂರು ವಾರದಿಂದ ನಮ್ಮ ಗ್ಯಾರೇಜ್ ಶೆಡ್ಡಿನಲ್ಲಿ ಇದೇ ಭಜನೆ. ಅವರ ಹಳೇ ಡೀಸೆಲ್ ವ್ಯಾನು ಲಾಂಡ್ರಿಯ ಮೂಟೆಗಳನ್ನು ಹೇರಿಕೊಂಡು ಹೊರಡುತ್ತದೆ, ಅರ್ಧ ಗಂಟೆ ಹೊಸ ಮದುಮಗನ ಹಾಗೆ ಓಡುತ್ತದೆ, ಆಮೇಲೆ ಎಳೆತ ಕಳೆದುಕೊಂಡು, ಎರಡು ಸಲ ಮುಗ್ಗರಿಸಿ, ರಸ್ತೆ ನಡುವೆ ಸತ್ತು ನಿಲ್ಲುತ್ತದೆ. ಡ್ರೈವರ್ ಉದ್ದಣ್ಣ ಫೋನ್ ಮಾಡುತ್ತಾನೆ. ನಾನು ಹೋದರೆ ಅದು ಹೆಣ. ಮಾವ ಹೋದರೆ ಹತ್ತೇ ನಿಮಿಷಕ್ಕೆ ಎದ್ದು ಕೂರುತ್ತದೆ.

"ನೋಡಿದ್ಯಾ? ಗಾಡಿಗೂ ಗೊತ್ತು, ಯಾರು ಮೇಸ್ತ್ರಿ ಯಾರು ಮಂಗ ಅಂತ."

ಉದ್ದಣ್ಣ ಹಲ್ಲು ಕಿರಿಯುತ್ತಾನೆ. ಮಾವ ಸೀನಿದರೂ ಅವನಿಗೆ ನಗು ಬರುತ್ತದೆ.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಮ್ಮ ತನ್ನ ಅಣ್ಣನ ಮುಂದೆ ನನ್ನನ್ನು ನಿಲ್ಲಿಸಿ "ಬೈದಾದರೂ ಕಲಿಸು" ಅಂದಳು. ಮಾವನ ಕಿವಿಗೆ ಬಿದ್ದದ್ದು ಮೊದಲನೇ ಪದ ಮಾತ್ರ. ಕಲಿತದ್ದೆಲ್ಲ ನಾನೇ ಕದ್ದು ಕಲಿತೆ, ಆರು ವರ್ಷ. ಈಗ ಕಣ್ಣು ಕಟ್ಟಿದರೂ ಇಂಜಿನ್ ಬಿಚ್ಚಿ ಜೋಡಿಸುತ್ತೇನೆ. ಇದು ಬಿಟ್ಟು ನನಗೆ ಇನ್ನೊಂದು ಕೆಲಸ ಬರುವುದಿಲ್ಲ. ಅದು ಮಾವನಿಗೆ ಚೆನ್ನಾಗಿ ಗೊತ್ತು.

ಮೂರು ವಾರದ ಹಿಂದೆ ಆ ವ್ಯಾನಿನ ಡೀಸೆಲ್ ಫಿಲ್ಟರ್ ಬದಲಿಸಿ, ಇಂಜಿನ್ನಿಗೆ ಡೀಸೆಲ್ ತಳ್ಳುವ ಪಂಪಿನ ಪೈಪುಗಳನ್ನು ಬಿಚ್ಚಿ ಕಟ್ಟಿದವನು ನಾನು. ಮಾರನೇ ದಿನವೇ ಈ ರೋಗ ಶುರುವಾಯಿತು. ಇನ್ನೇನು ಬೇಕು? ಫಿಲ್ಟರ್ ಬದಲಿಸಿದ ದಿನವೇ, ಟ್ಯಾಂಕಿನಲ್ಲಿ ಡೀಸೆಲ್ ಕಮ್ಮಿಯಾಗುತ್ತಿದೆ ಅಂತ ಮಾವ ಬೀಗದ ಮುಚ್ಚಳ ತಂದು ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. "ಮನೆಯೊಳಗಿನ ಇಲಿಗೆ ಇದೇ ಮದ್ದು" ಅಂತ ನನ್ನ ಮುಖ ನೋಡಿಕೊಂಡೇ ಹೇಳಿದರು. ಆಣೆ ಮಾಡಿ ಹೇಳುತ್ತೇನೆ, ಒಂದು ತೊಟ್ಟು ಕದ್ದಿಲ್ಲ.

ಆ ಸೋಮವಾರ ಬೆಳಿಗ್ಗೆ ಮಾವ ತೀರ್ಪು ಕೊಟ್ಟರು.

"ಮೂರು ಗಂಟೆಗೆ ಪಂಪ್ ಮೇಸ್ತ್ರಿ ಬರ್ತಾನೆ. ಪಂಪ್ ಇಳಿಸಿ ಬಿಚ್ತಾನೆ. ನೀನು ಮಾಡಿದ ಘನಕಾರ್ಯ ಒಳಗೆ ಕಂಡ್ರೆ, ಪಂಪ್ ಜೊತೆ ನೀನೂ ಇಳೀತೀಯ. ಆಮೇಲೆ ಈ ಶೆಡ್ ಕಡೆ ತಲೆ ಹಾಕಬೇಡ."

"ಕಾಣದಿದ್ರೆ?"

"ಕಾಣುತ್ತೆ. ನಾನು ಹೇಳಿದ್ಮೇಲೆ ಅವನಿಗೆ ಕಾಣುತ್ತೆ."

ಹತ್ತೂವರೆಗೆ ಉದ್ದಣ್ಣನ ಫೋನು. ಸೇತುವೆ ದಾಟಿದ ಮೇಲಿನ ಏರಿನಲ್ಲಿ ವ್ಯಾನು ನಿಂತಿದೆ. ನಾನು ಸೈಕಲ್ ತುಳಿದುಕೊಂಡು ಹೋದೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿದೆ. ನಾನು ಕಟ್ಟಿದ ಪೈಪುಗಳಲ್ಲಿ ಗಾಳಿ ಸೇರುತ್ತಿದ್ದರೆ ಅಲ್ಲಿ ಸೋಪಿನ ನೊರೆಯ ಹಾಗೆ ಗುಳ್ಳೆ ಬರಬೇಕಿತ್ತು. ಒಂದು ಗುಳ್ಳೆಯೂ ಇಲ್ಲ. ಶುದ್ಧ ಡೀಸೆಲ್ ಎರಡು ಹನಿ ಜಿನುಗಿ ನಿಂತಿತು. ಅಂದರೆ ಪಂಪು ಸರಿ, ಅದಕ್ಕೆ ಕುಡಿಯಲು ಸಿಗುತ್ತಿಲ್ಲ, ಅಷ್ಟೆ. ಪಂಪಿನ ಪಕ್ಕದಲ್ಲಿ ಕೈಯಿಂದ ಒತ್ತಿ ಡೀಸೆಲ್ ಏರಿಸುವ ಗುಂಡಿ ಇರುತ್ತದೆ. ಒತ್ತಿದರೆ ಒಳಗೆ ಹೋಯಿತು, ಮೇಲೆ ಬರಲೊಲ್ಲದು. ಎಳೆದರೆ ಯಾರೋ ಆ ಕಡೆಯಿಂದ ಹಿಡಿದು ಜಗ್ಗುವ ಹಾಗೆ ವಾಪಸ್ ಹೋಗುತ್ತಿತ್ತು.

ಅಷ್ಟರಲ್ಲಿ ಮಾವನ ಸ್ಕೂಟರ್ ಬಂತು. ಮಾವನದು ಒಂದು ಕ್ರಮ. ಗಾಡಿ ಯಾವುದೇ ಇರಲಿ, ರೋಗ ಏನೇ ಇರಲಿ, ಮೊದಲು ಟ್ಯಾಂಕ್ ತೆರೆದು ಕಡ್ಡಿ ಅದ್ದಿ ನೋಡಬೇಕು. ಈ ವ್ಯಾನಿನ ಮಟ್ಟಿಗೆ ಅದರ ಜೊತೆ ನನ್ನ ಮೇಲಿನ ಗುಮಾನಿಯೂ ಸೇರಿತ್ತು. ಹಿಂದೆ ಹೋಗಿ ಬೀಗ ತೆರೆದರು. ಸರಿಯಾಗಿ ಆ ಕ್ಷಣಕ್ಕೆ ನನ್ನ ಹೆಬ್ಬೆರಳಿನ ಕೆಳಗೆ ಗುಂಡಿ ಬೆಣ್ಣೆಯಾಯಿತು. ಒತ್ತಿದರೆ ಹೋಗುತ್ತದೆ, ಬಿಟ್ಟರೆ ಬರುತ್ತದೆ.

ನನಗೆ ಮೈ ಉರಿದುಹೋಯಿತು. ಮೂರು ವಾರ! ಟ್ಯಾಂಕಿಗೆ ಉಸಿರು ಕಟ್ಟಿತ್ತು. ಡೀಸೆಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು, ಬರಲು ದಾರಿ ಇಲ್ಲ. ಇಲಿ ಹಿಡಿಯಲು ಬಂದ ಮಾವ ಮುಚ್ಚಳ ತೆಗೆದಾಗೆಲ್ಲ ಅದು ಉಸಿರಾಡುತ್ತಿತ್ತು.

ಮಾವ ಮುಚ್ಚಳ ಹಾಕಿ ಬಂದು ಸೆಲ್ಫ್ ಹೊಡೆದರು. ಗಾಡಿ ಗುಡುಗಿತು.

"ಮಾವ, ಅದು ಕೈಗುಣ ಅಲ್ಲ. ಮುಚ್ಚಳ."

"ಹೌದೌದು, ಕುಣಿಯಲಾರದವನಿಗೆ ನೆಲ ಡೊಂಕು. ಮೂರು ಗಂಟೆಗೆ ಗಂಟುಮೂಟೆ ಕಟ್ಟಿಟ್ಕೊ."

ಮೂರಕ್ಕೆ ಪಂಪ್ ಮೇಸ್ತ್ರಿ ಚೀಲ ಹಿಡಿದು ಬಂದ. ಒಣಕಲು ಮನುಷ್ಯ, ಮಾತು ಕಮ್ಮಿ. ನಾನು ಬಾನೆಟ್ಟಿಗೆ ಅಡ್ಡ ನಿಂತೆ.

"ಬಿಚ್ಚೋ ಮೊದಲು ಒಂದು ರೌಂಡ್ ಹೋಗೋಣ. ಗಾಡಿ ನಿಲ್ಲಲಿ. ನಿಂತ ಮೇಲೆ ಯಾರೂ ಟ್ಯಾಂಕ್ ಮುಟ್ಟಬಾರದು."

"ಏಯ್, ಪಕ್ಕಕ್ಕೆ ಸರಿ" ಅಂದರು ಮಾವ.

"ಯಾಕೆ, ಹೆದರಿಕೆನಾ?"

ಮಾವನ ಕೈ ಮೇಲೆದ್ದಿತು. ಪಂಪ್ ಮೇಸ್ತ್ರಿ ನಡುವೆ ಬಾಯಿ ಹಾಕಿದ. "ಹೋಗೋಣ ಬಿಡಿ. ರೋಗಿ ನರಳೋದನ್ನ ನೋಡದೆ ಹೊಟ್ಟೆ ಕೊಯ್ಯೋಕಾಗುತ್ತಾ?"

ಮೂಟೆ ಹೇರಿದ ಹಾಗೇ ಹೊರಟೆವು. ಸ್ಟಿಯರಿಂಗ್ ಹಿಂದೆ ಉದ್ದಣ್ಣ, ಪಕ್ಕದಲ್ಲಿ ಅವರಿಬ್ಬರು, ಹಿಂದೆ ಕೊಳೆ ಬಟ್ಟೆಗಳ ಮೇಲೆ ನಾನು. ಮೂವತ್ತು ನಿಮಿಷ ಗಾಡಿ ಮದುಮಗನ ಹಾಗೇ ಓಡಿತು. ಸಂತೆಪೇಟೆಯ ತಿರುವಿನಲ್ಲಿ, ಬಸ್ಸುಗಳ ನಡುವೆ, ವ್ಯಾನು ಮುಗ್ಗರಿಸಿ ನಿಂತಿತು. ಮಾವ ಇಳಿದವರೇ ಸೊಂಟಕ್ಕೆ ಕೈ ಹಾಕಿ ಹಿಂದೆ ನಡೆದರು. ನಾನು ಓಡಿ ಮಣಿಕಟ್ಟು ಹಿಡಿದೆ.

"ಕೈಗುಣ ತೋರ್ಸಿ. ಮುಚ್ಚಳ ಮುಟ್ಟದೆ."

ಹಿಂದಿನಿಂದ ಹಾರ್ನುಗಳು ಕಿವಿ ಕಿತ್ತು ಹೋಗುವ ಹಾಗೆ. ಮಾವ ಬಾನೆಟ್ ಎತ್ತಿದರು. ಆ ಪೈಪು ಒತ್ತಿದರು, ಈ ವೈರು ಎಳೆದರು, ಗುಂಡಿಗೆ ಗುದ್ದಿದರು. ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಮುಲುಕುವ ಹಂತಕ್ಕೆ ಬಂತು. ಅಂಗಿ ಬೆನ್ನಿಗೆ ಅಂಟಿತ್ತು. ಬಸ್ಸಿನಿಂದ ಒಬ್ಬ ಇಣುಕಿ ಕೂಗಿದ: "ಯಜಮಾನ್ರೇ, ತಳ್ಳೋಕೆ ಜನ ಕಳಿಸ್ಲಾ, ಹೊರೋಕೆ ಕಳಿಸ್ಲಾ?"

ಸಾಕು ಅನ್ನಿಸುವವರೆಗೆ ನೋಡಿದೆ. ಸುಳ್ಳು ಯಾಕೆ, ಸಾಕು ಅನ್ನಿಸಲೇ ಇಲ್ಲ. ಪಂಪ್ ಮೇಸ್ತ್ರಿಯೇ ಬೇಸತ್ತು ಮಾವನ ಹತ್ತಿರ ಬೀಗದ ಕೈ ಇಸಕೊಂಡು ಟ್ಯಾಂಕಿಗೆ ಕಿವಿ ಕೊಟ್ಟ. ಮುಚ್ಚಳ ತಿರುಗಿಸಿದ. ಸುಯ್ ಅಂತ ಟ್ಯಾಂಕು ಗಾಳಿ ಹೀರಿದ್ದು ನನಗೂ ಕೇಳಿಸಿತು. ನಾನು ಗುಂಡಿಯನ್ನು ನಾಲ್ಕು ಸಲ ಒತ್ತಿ ಸೆಲ್ಫ್ ಹೊಡೆದೆ. ಒಂದೇ ಏಟು.

ಪಂಪ್ ಮೇಸ್ತ್ರಿ ಮುಚ್ಚಳ ಮಗುಚಿ ನೋಡಿದ. "ಉಸಿರಾಡೋ ತೂತಿಗೆ ಪುಟ್ಟಿ ಮೆತ್ತಿದ್ದಾರಲ್ರೀ. ಯಾವ ಪುಣ್ಯಾತ್ಮ?"

ಉದ್ದಣ್ಣನೂ ನಗಲಿಲ್ಲ.

"ಲಾಂಡ್ರಿಯವರು ದಿನಾ ಸಂಜೆ ಪೈಪ್ ಹಿಡಿದು ಗಾಡಿ ತೊಳೀತಾರೆ" ಅಂದರು ಮಾವ, ಯಾರ ಮುಖವನ್ನೂ ನೋಡದೆ. "ನೀರು ಇಳಿಯುತ್ತೆ ಅಂತ..." ಆಮೇಲೆ ನನ್ನ ಕಡೆ ತಿರುಗಿ, "ಒಂದು ಮೊಳೆ ತಗೊಂಡು ಆ ಪುಟ್ಟಿ ಕೀಳು."

"ಮೆತ್ತಿದವರು ಕೀಳಲಿ."

ಪಂಪ್ ಮೇಸ್ತ್ರಿ ಚೀಲದಿಂದ ಒಂದು ಮೊಳೆ ತೆಗೆದು ಮಾವನ ಕೈಗೇ ಕೊಟ್ಟ. ಮಾವ ಫುಟ್‌ಪಾತಿನ ಅಂಚಿನಲ್ಲಿ ಕೂತು ಪುಟ್ಟಿ ಕೆರೆದರು. ಕೆರೆಯುತ್ತಲೇ ಹೇಳಿದರು, "ನಾಳೆ ಎಂಟಕ್ಕೆ ಲಾರಿ ಬರುತ್ತೆ. ಬೇಗ ಬಾ."

"ಕಳ್ಳ ಅಂದ್ರಲ್ಲ, ಅದು?"

"ಅದು ಬೇರೆ ಮಾತು."

"ಅದೇ ಮಾತು, ಮಾವ."

ಅವರು ಎದ್ದು ಹೋಗಿ ಮುಚ್ಚಳ ಹಾಕಿ ವ್ಯಾನು ಹತ್ತಿದರು. ನಾನು ಹತ್ತಲಿಲ್ಲ. ಬೈದುಕೊಂಡೇ ಮನೆಯವರೆಗೆ ನಡೆದೆ.

ಮಾರನೇ ಬೆಳಿಗ್ಗೆ ಎಂಟಕ್ಕೆ ಶೆಡ್ಡಿನ ಮುಂದೆ ಲಾರಿ ಕಪ್ಪು ಹೊಗೆ ಕಕ್ಕುತ್ತಾ ನಿಂತಿತ್ತು. ನಾನು ಯಾರನ್ನೂ ಕೇಳದೆ ಬಂಪರ್ ಮೇಲೆ ಹತ್ತಿ ಇಂಜಿನ್ನಿಗೆ ಬಾಗಿದೆ. ಮಾವ ಹಿಂದೆ ಬಂದು ನಿಂತರು. ಒಮ್ಮೆ ಕೆಮ್ಮಿದರು. ಜಾಗ ಬಿಡು ಅಂತ ಇನ್ನೊಮ್ಮೆ ಕೆಮ್ಮಿದರು.

ನಾನು ಸರಿಯಲಿಲ್ಲ.