ಗುಳ್ಳೆ ಬಿದ್ದ ಹಲಗೆ

ಐವತ್ತು ದಾಟಿದ ಮೇಲೆ ಯಾರಾದರೂ ಮದುವೆಯಾಗುತ್ತಾರೆಯೇ? ಅಂಟಕ್ಕನ ನಾದಿನಿ ಆದಳು. ಅದೂ ನಗುನಗುತ್ತಾ, ಪೆಟ್ಟಿಗೆ ಹಿಡಿದು, ದೂರದ ಊರಿಗೆ ಹೊರಟೇಹೋದಳು. ಅಂಟಕ್ಕ ನೆಂಟರ ಮುಂದೆ ಹಲ್ಲು ಕಿರಿದು, ಮನೆಗೆ ಬಂದು ಮುಖ ಊದಿಸಿಕೊಂಡು ಕೂತಳು.

ಅಂಟಕ್ಕನ ಗಂಡ ಸತ್ತ ಮೇಲೆ ಅತ್ತಿಗೆ ನಾದಿನಿ ಸೇರಿ ನಡೆಸಿದ ಕಾರ್ಖಾನೆ ಎಂದರೆ ಮನೆಯ ಹಿಂದಿನ ಒಂದು ಕೋಣೆ, ಅಷ್ಟೆ. ಕತ್ತಾಳೆ ನಾರನ್ನು ಅಚ್ಚಿನಲ್ಲಿ ಹಾಸಿ, ಹರಳೆಣ್ಣೆಯಿಂದ ಮಾಡಿದ ಪಾಲಿಯುರೆಥೇನ್ ಎಂಬ ಅಂಟು ಸುರಿದು, ಮುಚ್ಚಳ ಬಿಗಿದಿಟ್ಟರೆ ಮರದಂಥ ಹಲಗೆ. ನಾದಿನಿ ನಾರು ಒಣಗಿಸುವವಳು, ಇವಳು ಅಂಟು ಕಲಸುವವಳು. ಅದಕ್ಕೇ ಆ ಹೆಸರು.

ಈಗ ಎರಡೂ ಕೆಲಸ ಇವಳ ತಲೆಗೇ ಬಿತ್ತು. ಹಲಗೆ ತೆಗೆದರೆ ಒಳಗೆಲ್ಲ ಗುಳ್ಳೆ. ಮತ್ತೆ ಮಾಡಿದಳು, ಮತ್ತೆ ಗುಳ್ಳೆ. ಹಲಗೆ ಕೊಳ್ಳಲು ಬಂದ ಕುರ್ಚಿ ಮಾಡುವವನು ಬೆರಳಲ್ಲಿ ಒತ್ತಿ ನೋಡಿದ.

"ಅಕ್ಕಾ, ಇದರ ಮೇಲೆ ಕೂತವರು ನೆಲಕ್ಕೇ ಬೀಳ್ತಾರೆ. ನಾಳೆ ಸರಿಯಾದದ್ದು ಒಂದು ಕೊಡಿ, ಇಲ್ಲಾಂದ್ರೆ ನಾನು ಬೇರೆ ಕಡೆ ನೋಡ್ಕೋತೀನಿ."

ಇದ್ದದ್ದು ಅವನೊಬ್ಬನೇ ಗಿರಾಕಿ. ಅವನೂ ಹೋದರೆ ಈ ಬಾಗಿಲು ತಟ್ಟುವವರೇ ಇರುವುದಿಲ್ಲವಲ್ಲ. ಮೂಗು ಮುರಿಯುತ್ತಲೇ ನಾದಿನಿಗೆ ಫೋನ್ ಮಾಡಿದಳು.

"ನಾರಿಗೆ ನೀರಿನ ಪಸೆ ತಗುಲಿದೆ ಅತ್ತಿಗೆ. ಪಸೆ ಇದ್ರೆ ಅಂಟು ನೊರೆಯೇಳತ್ತೆ, ನಿಮಗೆ ಗೊತ್ತಿರೋದೇ ಅಲ್ವಾ?"

"ಓವನ್ನಲ್ಲಿಟ್ಟು ಚೆನ್ನಾಗಿ ಒಣಗಿಸಿದ್ದೀನಿ ಕಣೇ. ನನಗೇನು ತಲೆ ಕೆಟ್ಟಿದೆಯಾ?"

"ಸರಿ, ಚಹಾ ಎಲ್ಲಿ ಕಾಯಿಸ್ತಿದ್ದೀರಿ?"

ಅಂಟಕ್ಕ ತಿರುಗಿ ನೋಡಿದಳು. ಒಣಗಿಸಿ ಮೇಜಿನ ಮೇಲೆ ಹರಡಿದ್ದ ನಾರಿನ ಪಕ್ಕದಲ್ಲೇ ಕೆಟಲ್ ಬುಸುಬುಸು ಹಬೆಯಾಡುತ್ತಿತ್ತು. ಇಷ್ಟು ವರ್ಷ ನಾದಿನಿ "ಚಹಾ ಆಚೆ ಕುಡೀರಿ" ಎಂದು ಗದರಿ ಇವಳನ್ನು ಹಿತ್ತಲ ಮೆಟ್ಟಿಲಿಗೆ ಅಟ್ಟುತ್ತಿದ್ದಳು. ಆಮೇಲೆ ತಾನೂ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಅವಳದೇನು ಜಬರದಸ್ತು ಎಂದು ಅಂಟಕ್ಕ ಗೊಣಗಿದ್ದೇ ಗೊಣಗಿದ್ದು. ಈಗ ಗದರುವವರು ಯಾರೂ ಇರಲಿಲ್ಲ.

"ಆಚೆನೇ ಕಾಯಿಸ್ತೀನಿ" ಎಂದು ಸುಳ್ಳು ಹೇಳಿದಳು.

"ಒಬ್ಬರೇ ಕೂತು ಕುಡೀತೀರಾ ಅತ್ತಿಗೆ?"

"ಇನ್ನೇನು, ಬೀದಿಯವರನ್ನೆಲ್ಲ ಕರೀಲಾ?" ಎಂದು ಫೋನ್ ಇಟ್ಟುಬಿಟ್ಟಳು.

ಕೆಟಲನ್ನು ಆಚೆಗೆ ಒಯ್ದು, ನಾರನ್ನು ಮತ್ತೆ ಒಣಗಿಸಿ ಹಲಗೆ ಹಾಕಿದಳು. ಮರುದಿನ ಮುಚ್ಚಳ ತೆಗೆದರೆ ಒಂದೇ ಒಂದು ಗುಳ್ಳೆ ಇಲ್ಲ. ತಟ್ಟಿದರೆ ಠಣ್ಣೆಂದಿತು. ಕುರ್ಚಿಯವನು "ಭೇಷ್ ಅಕ್ಕಾ" ಎಂದು ಹೊತ್ತೊಯ್ದ.

ಅವಳು ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಳು. ರೂಢಿಯಂತೆ ಒಂದು ತುದಿಗೆ ಸರಿದೇ ಕೂತಳು. ಕಸುಬು ಉಳಿದಿತ್ತು, ಗಿರಾಕಿಯೂ ಉಳಿದಿದ್ದ. ಆದರೂ ಒಳಗಿನಿಂದ ಯಾರಾದರೂ ಒಮ್ಮೆ ಗದರಿದ್ದರೆ ಸಾಕಿತ್ತು ಎನ್ನಿಸಿ, ಮದುವೆಯ ದಿನ ಅಳದಿದ್ದವಳು ಈಗ ಅತ್ತಳು.